ಸಹಾಯ ಬೇಕು: ಇಡೀ ಸಮಾಜಕ್ಕೆ ಒಬ್ಬನೇ ಗ್ರಾಹಕ, ಇದು ಯಾವ ಬಗೆಯ ಊಹೆ?

ಅರ್ಥಶಾಸ್ತ್ರದ ಮಾದರಿಗಳಲ್ಲಿ ಊಹೆ ವಾಸ್ತವವಾಗಿರಬೇಕಿಲ್ಲ, ಮುನ್ನೋಟ ಸರಿಬಂದರೆ ಸಾಕು ಅನ್ನೋದು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1953ರಲ್ಲಿ ಮಂಡಿಸಿದ ವಾದ. ತತ್ವಜ್ಞಾನಿ ಅಲನ್ ಮಸ್ಗ್ರೇವ್ 1981ರಲ್ಲಿ ಊಹೆಗಳನ್ನ ಮೂರಾಗಿ ಬಿಡಿಸಿದ್ರು: ನಗಣ್ಯತೆ (ಬಿಟ್ಟ ಅಂಶದಿಂದ ಫಲಿತಾಂಶಕ್ಕೆ ಗಮನಾರ್ಹ ವ್ಯತ್ಯಾಸ ಆಗಲ್ಲ), ವ್ಯಾಪ್ತಿ (ಊಹೆ ನಿಜವಾಗಿರೋ ಕಡೆ ಮಾತ್ರ ಸಿದ್ಧಾಂತ ಅನ್ವಯ), ಆಮೇಲೆ ಸಡಿಲಿಸೋಕೆ ಇಟ್ಟ ತಾತ್ಕಾಲಿಕ ಊಹೆ. ತುಂಬಾ ಉಪಯುಕ್ತ ವಿಂಗಡಣೆ. ಆದ್ರೆ 'ಪ್ರಾತಿನಿಧಿಕ ಗ್ರಾಹಕ', ಅಂದರೆ ಎಲ್ಲ ಗ್ರಾಹಕರ ಬದಲಿಗೆ ಮಾದರಿಯಲ್ಲಿ ಇಡೋ ಆ ಒಬ್ಬನೇ ಗ್ರಾಹಕ, ಇದರಲ್ಲಿ ಎಲ್ಲೂ ಕೂರ್ತಿಲ್ಲ.

ನಗಣ್ಯ ಅನ್ನೋಣ ಅಂದ್ರೆ ಸೊನೆನ್‌ಶೈನ್–ಮಾಂಟೆಲ್–ಡೆಬ್ರೂ ಫಲಿತಾಂಶ ಅಡ್ಡ ಬರುತ್ತೆ: ಪ್ರತಿಯೊಬ್ಬರೂ ವಿವೇಚನೆಯಿಂದ ಕೊಂಡರೂ ಒಟ್ಟು ಬೇಡಿಕೆ ಒಬ್ಬನ ಬೇಡಿಕೆಯಂತೆ ಇರಬೇಕಿಲ್ಲ. ವ್ಯಾಪ್ತಿ ಅನ್ನೋಣ ಅಂದ್ರೆ, ಒಟ್ಟು ಬೇಡಿಕೆ ಒಬ್ಬನ ಬೇಡಿಕೆಯಂತೆ ಇರೋಕೆ ಗೋರ್ಮನ್ ಷರತ್ತು ಬೇಕು, ಅಂದರೆ ಹೆಚ್ಚುವರಿ ಆದಾಯವನ್ನ ಬಡವರೂ ಶ್ರೀಮಂತರೂ ಒಂದೇ ಥರ ಖರ್ಚು ಮಾಡಬೇಕು. ಅಂಥ ಆರ್ಥಿಕತೆ ಎಲ್ಲಿದೆ?

ಉಳಿದದ್ದು ತಾತ್ಕಾಲಿಕ. ಹಾಗೆ ಒಪ್ಪೋಕೆ, ಗ್ರಾಹಕರ ವೈವಿಧ್ಯ ಸೇರಿಸಿದ ಮಾದರಿಯಲ್ಲೂ ಅದೇ ತೀರ್ಮಾನ ಬರಲೇಬೇಕಾ, ಅಥವಾ ಸಡಿಲಿಸೋ ದಾರಿ ತೋರಿಸಿದ್ರೆ ಸಾಕಾ?