ಸಹಾಯ ಬೇಕು: ಎಲ್ಲರಿಗೂ ಒಂದೇ ಕಾಲ ಇದೆಯಾ? ಹುಡುಗಿಯ ಪ್ರಶ್ನೆಗೆ ಉತ್ತರ ಹೇಳಬೇಕು

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ.

ಗಡಿಯಾರ ಹೊಂದಿಸಲು ಐನ್‌ಸ್ಟೈನ್ 1905ರಲ್ಲಿ ಹೇಳಿದ ವಿಧಾನವನ್ನು ನಮ್ಮ ಊರುಗಳನ್ನೇ ಇಟ್ಟುಕೊಂಡು ವಿವರಿಸಿದೆ. ಇಲ್ಲಿಂದ ಚಿತ್ರದುರ್ಗದ ಕೋಟೆಗೆ ಬೆಳಕು ಬಿಡೋಣ. ಅಲ್ಲಿ ಕನ್ನಡಿಗೆ ತಾಗಿ ವಾಪಸ್ ಬರಲಿ. ದೂರ 60 ಕಿ.ಮೀ. ಅಂತ ಹಿಡಿದರೆ ಹೋಗಿ ಬರಲು ಸುಮಾರು 400 ಮೈಕ್ರೋಸೆಕೆಂಡ್ (ಒಂದು ಮೈಕ್ರೋಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ). ಅದರ ಅರ್ಧಕ್ಕೆ ಬೆಳಕು ಕೋಟೆ ಮುಟ್ಟಿತು ಅಂತ ಇಟ್ಟುಕೊಂಡು ಅಲ್ಲಿನ ಗಡಿಯಾರ ಹೊಂದಿಸುತ್ತೇವೆ. ಆದರೆ ಹೋಗುವ ವೇಗ, ಬರುವ ವೇಗ ಒಂದೇ ಅನ್ನೋದು ನಾವು ಒಪ್ಪಿಕೊಂಡ ಮಾತು. ಒಂದು ದಿಕ್ಕಿನ ವೇಗ ಅಳೆಯಲು ಮೊದಲೇ ಹೊಂದಿಸಿದ ಎರಡು ಗಡಿಯಾರ ಬೇಕು, ಅಲ್ವಾ?

ಆಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಜಿಪಿಎಸ್ ಉಪಗ್ರಹಗಳೆಲ್ಲ ಒಂದೇ ಟೈಮ್ ಇಟ್ಟುಕೊಂಡಿವೆ. ಹಾಗಾದ್ರೆ ಎಲ್ಲರಿಗೂ ಒಂದೇ ಕಾಲ ಅಂತ ನ್ಯೂಟನ್ ಹೇಳಿದ್ದೇ ಸರಿ ಆಯ್ತಲ್ಲ?"

ವೇಗದಿಂದಾಗಿ ಉಪಗ್ರಹಗಳಲ್ಲಿರುವ ಗಡಿಯಾರಗಳು ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತವೆ, ಎತ್ತರದಲ್ಲಿ ಗುರುತ್ವದ ಪ್ರಭಾವ ಕಡಿಮೆ ಇರುವುದರಿಂದ 45 ಮುಂದೆ ಓಡುತ್ತವೆ ಎಂದೆ. ಒಟ್ಟು 38 ಮುಂದೆ. ಅದಕ್ಕೇ ಮೊದಲೇ ಸ್ವಲ್ಪ ನಿಧಾನ ಮಾಡಿ ಕಳಿಸುತ್ತಾರೆ. ಆ ಒಂದೇ ಟೈಮ್ ನಾವು ಲೆಕ್ಕ ಹಾಕಿ ಮಾಡಿಕೊಂಡದ್ದು.

ಅವಳು ಬಿಡಲಿಲ್ಲ. "ಸರಿಪಡಿಸಿದ ಮೇಲೆ ಸಿಗುವ ಟೈಮೇ ನಿಜವಾದ ಕಾಲ ಯಾಕಾಗಬಾರದು?" ತುಂಬಾ ಒಳ್ಳೆಯ ಪ್ರಶ್ನೆ. ಸುಮ್ನೆ ಸೂತ್ರ ಬರೆದು ಅವಳ ಬಾಯಿ ಮುಚ್ಚಿಸಲು ನನಗೆ ಮನಸ್ಸಿಲ್ಲ.

ಅವಳಿಗೆ ನಾನು ತೋರಿಸಬೇಕಿರುವುದು ಇದು: ಓಡುವ ರೈಲಿನಲ್ಲಿರುವವರು ಇದೇ ಬೆಳಕಿನ ವಿಧಾನದಲ್ಲಿ ಗಡಿಯಾರ ಹೊಂದಿಸಿದರೆ ಬೇರೆಯೇ "ಈಗ" ಸಿಗುತ್ತದೆ, ಅಂದರೆ ಎರಡು ಜಾಗಗಳಲ್ಲಿ ನಮಗೆ ಒಂದೇ ಕ್ಷಣದಲ್ಲಿ ನಡೆದದ್ದು ಅವರಿಗೆ ಬೇರೆ ಬೇರೆ ಕ್ಷಣದಲ್ಲಿ ನಡೆದಿರಬಹುದು. ಇದನ್ನು ಜಾಸ್ತಿ ಗಣಿತ ಇಲ್ಲದೆ ಬೋರ್ಡ್ ಮೇಲೆ ತೋರಿಸುವ ಚಿತ್ರ ಯಾರ ಹತ್ತಿರವಾದರೂ ಇದೆಯಾ? ದಾವಣಗೆರೆ, ಚಿತ್ರದುರ್ಗದ ಕಡೆಯವರು ಯಾರಾದರೂ ಒಂದು ಗಂಟೆ ಬಂದು ಮಕ್ಕಳ ಜೊತೆ ಮಾತಾಡಿದರೆ ಇನ್ನೂ ಸಂತೋಷ. ದಯವಿಟ್ಟು ಕಾಮೆಂಟ್ ಮಾಡಿ.