"ನಮ್ಮನೆ ಮಗಳು" ಅನ್ನುವ ಓನರ್‌ಗೆ ರಾತ್ರಿ ಫೋನ್ ಎತ್ತಲ್ಲ ಅಂತ ಹೇಳೋದು ಹೇಗೆ?

ಪ್ರಶ್ನೆ: ನಮಸ್ತೆ ಮೇಡಂ. ಮಡಿಕೇರಿ ಹತ್ತಿರ ಒಂದು ಹೋಂಸ್ಟೇಯಲ್ಲಿ ಎರಡು ವರ್ಷದಿಂದ ಬುಕಿಂಗ್, ಲೆಕ್ಕ ನೋಡ್ಕೊಳ್ತಿದ್ದೀನಿ. ಕೆಲಸಕ್ಕೆ ಇರೋದು ನಾವು ಐದು ಜನ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರು ಅಂತ ಬಾಯಿಮಾತಲ್ಲಿ ಆಗಿದ್ದು. ಆದರೆ ಬುಕಿಂಗಿಗೆ ಕೊಟ್ಟಿರೋದು ನನ್ನ ಸ್ವಂತ ನಂಬರ್. ರಾತ್ರಿ ಹತ್ತಾದ ಮೇಲೂ "ಗೀಸರ್ ಬಿಸಿ ಆಗ್ತಿಲ್ಲ", "ನಾಳೆ ಮಾಂದಲಪಟ್ಟಿಗೆ ಜೀಪ್ ಸಿಗುತ್ತಾ" ಅಂತ ಫೋನ್ ಬರುತ್ತೆ. ನಮ್ಮನೇಲಿ ನೆಟ್‌ವರ್ಕ್ ಸಿಗೋದು ಅಡುಗೆಮನೆ ಕಿಟಕಿ ಹತ್ರ ಮಾತ್ರ. ಅನ್ನ ಕಲಸಿದ ಕೈಯಲ್ಲೇ ಎದ್ದು ಹೋಗಿ ಅಲ್ಲಿ ನಿಂತ್ಕೋತೀನಿ. ಹೋದ ಹುತ್ತರಿ ಹಬ್ಬಕ್ಕೆ ಮನೆಯವರು ಕದಿರು ತೆಗೆಯೋ ಹೊತ್ತಲ್ಲಿ ನಾನು ಗೆಸ್ಟ್‌ಗಳಿಗೆ ಕ್ಯಾಂಪ್‌ಫೈರ್ ಮಾಡಿಸ್ತಿದ್ದೆ.

ಓನರ್ ಅಕ್ಕ ಒಳ್ಳೆಯವರು. ಅಮ್ಮನ ಆಪರೇಷನ್‌ಗೆ ಮುಂಗಡ ಕೊಟ್ಟರು. "ನೀನು ನಮ್ಮನೆ ಮಗಳು" ಅಂತಾರೆ. ಅದಕ್ಕೇ ನಂಗೆ ಬಾಯೇ ಬರಲ್ಲ. ಈಗ ಹಿಂದೆ ಬಂದು ಹೋದ ಗೆಸ್ಟ್ ಒಬ್ಬ ದಿನಾ ರಾತ್ರಿ ಮೆಸೇಜ್ ಮಾಡಿ ಫೋಟೋ ಕಳಿಸು ಅಂತಿದ್ದಾನೆ. ಏನು ಮಾಡಲಿ?

ಆಪ್ತಸಮಾಲೋಚಕಿಯ ಉತ್ತರ: ಕೊನೆಯ ಮಾತನ್ನೇ ಮೊದಲು ತಗೋತೀನಿ, ಏಕೆಂದರೆ ಅದು ಹೊಂದಾಣಿಕೆ ಮಾಡಿಕೊಳ್ಳುವ ವಿಷಯವೇ ಅಲ್ಲ. ಮೆಸೇಜುಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆತನನ್ನು ಬ್ಲಾಕ್ ಮಾಡಿ, ನಾಳೆಯೇ ಅಕ್ಕನಿಗೆ ತೋರಿಸಿ. ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆ ಇದೆ. ಕೆಲಸದ ಸಂಬಂಧದಿಂದ ಎದುರಾಗುವ ಹೊರಗಿನವರಿಂದಲೂ ನಿಮ್ಮನ್ನು ಕಾಪಾಡುವುದು ಅದರ ಪ್ರಕಾರ ಮಾಲೀಕರ ಕರ್ತವ್ಯ. ಹತ್ತಕ್ಕಿಂತ ಕಡಿಮೆ ಕೆಲಸದವರಿರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಲಿಖಿತ ದೂರು ಕೊಡಬಹುದು. ಮೂರು ತಿಂಗಳೊಳಗೆ ಕೊಡಬೇಕು, ತಡಮಾಡಬೇಡಿ.

ಇನ್ನು ಅಕ್ಕನ ವಿಷಯ. ಅವರು ನಿಮಗೆ ಆಗಿಬಂದವರು, ಅದು ನಿಜ. ಆದರೆ ಅವರು ಕೊಟ್ಟ ಮುಂಗಡ ಒಂದು ಸಾಲ. ಅದು ಸಂಬಳದಲ್ಲಿ ತೀರುತ್ತದೆ. ನಿಮ್ಮ ರಾತ್ರಿಗಳನ್ನು ಅದಕ್ಕೆ ಬಡ್ಡಿಯಾಗಿ ಕಟ್ಟಬೇಕಿಲ್ಲ. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಈ ಎರಡನ್ನೂ ಒಂದೇ ಗಂಟು ಕಟ್ಟಿಕೊಂಡು ಒದ್ದಾಡುತ್ತಾರೆ.

ಗೆಸ್ಟ್ ತುಂಬಿರುವಾಗ ಈ ಮಾತು ಎತ್ತಬೇಡಿ. ರಾತ್ರಿ ಫೋನಲ್ಲಂತೂ ಬೇಡವೇ ಬೇಡ. ಲೆಕ್ಕದ ಪುಸ್ತಕ ತೆರೆದು ಇಬ್ಬರೂ ಕೂತಿರುವಾಗ ಹೇಳಿ: "ಅಕ್ಕ, ಬುಕಿಂಗಿಗೆ ಬೇರೆ ಸಿಮ್ ತಗೊಳ್ಳೋಣ. ಆ ಫೋನ್ ಇಲ್ಲೇ ಇರಲಿ. ಆರು ಗಂಟೆವರೆಗೆ ನಾನು ನೋಡ್ಕೋತೀನಿ, ಆಮೇಲೆ ಯಾರ ಹತ್ರ ಇರಬೇಕು ಅಂತ ನೀವು ಹೇಳಿ. ಒಂದನೇ ತಾರೀಕಿಂದ ಹೀಗೆ ಮಾಡೋಣ." ಇಷ್ಟೇ ಸಾಕು. ಅಮ್ಮನಿಗೆ ಹುಷಾರಿಲ್ಲ, ದೂರ ಆಗುತ್ತೆ ಅಂತ ಕಾರಣ ಪೋಣಿಸಬೇಡಿ. ಅಮ್ಮ ಹುಷಾರಾದ ದಿನ ನಿಮ್ಮ ಮಾತೂ ಬಿದ್ದುಹೋಗುತ್ತದೆ. ಆರರ ನಂತರದ ಹೊತ್ತು ನಿಮ್ಮದು ಅನ್ನುವುದೇ ಕಾರಣ.

ಹಾಗಂತ ಫೋನ್ ಪೂರ್ತಿ ಆಫ್ ಮಾಡಿ ಅನ್ನುತ್ತಿಲ್ಲ. 2018ರ ಆಗಸ್ಟ್‌ನ ಭೂಕುಸಿತ ಕಂಡ ಊರು ನಮ್ಮದು. ಬರೆ ಜರಿದು ರಸ್ತೆ ಮುಚ್ಚಿದರೆ, ಗೆಸ್ಟ್ ಮಗುವಿಗೆ ಜ್ವರ ಏರಿದರೆ ಅಕ್ಕ ನಿಮ್ಮ ನಂಬರಿಗೇ ಮಾಡಲಿ. ಅಂಥವು ಯಾವುವು ಅಂತ ಇಬ್ಬರೂ ಸೇರಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಗೀಸರ್ ಅದರಲ್ಲಿ ಬರುವುದಿಲ್ಲ. ಹುತ್ತರಿ, ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣದ ರಜೆಯನ್ನೂ ಅವತ್ತೇ ಗೊತ್ತುಮಾಡಿಕೊಳ್ಳಿ, ಹಬ್ಬದ ಹಿಂದಿನ ದಿನ ಕೇಳಿದರೆ ಸಿಗುವುದು ಕಷ್ಟ.

ಇದೇ ಗುಂಪಿನ ಒಬ್ಬ ಸದಸ್ಯರು: ಮೇಡಂ, ನಾನೂ ಹೋಂಸ್ಟೇ ನಡೆಸ್ತೀನಿ. ಒಂದು ಕೆಟ್ಟ ರಿವ್ಯೂ ಬಂದ್ರೆ ಸೀಸನ್ನೇ ಹಾಳು. ರಾತ್ರಿ ಯಾರೂ ಫೋನ್ ಎತ್ತದಿದ್ರೆ ಹೇಗೆ?

ಉತ್ತರ: ಎತ್ತಲೇಬೇಕು ಸರ್. ಹಾಗಾದರೆ ಅದೂ ಕೆಲಸವೇ ಆಯಿತಲ್ಲ, ಅದಕ್ಕೆ ಪಾಳಿ ಹಾಕಿ, ಸಂಬಳ ಕೊಡಿ. ಇಲ್ಲವಾದರೆ ನೀವೇ ಎತ್ತಿ. ಬೆಳಗ್ಗೆ ನಗುಮುಖದಲ್ಲಿ ಗೆಸ್ಟ್‌ಗೆ ಕಾಫಿ ಕೊಡಬೇಕಾದ ಹುಡುಗಿ ರಾತ್ರಿ ನಿದ್ದೆ ಮಾಡಿರಬೇಕು.

ಪ್ರಶ್ನೆ ಕೇಳಿದವರು, ಹನ್ನೆರಡು ದಿನದ ನಂತರ: ಹೇಳಿದೆ ಮೇಡಂ. ಗೆಸ್ಟ್ ಮೆಸೇಜ್ ನೋಡಿ ಅಕ್ಕನಿಗೇ ಸಿಟ್ಟು ಬಂತು, ಆಗಲೇ ಅವನಿಗೆ ಫೋನ್ ಮಾಡಿ ಬೈದರು. ಸಿಮ್ಮೂ ಬಂತು, ರಾತ್ರಿ ಅವರೇ ಇಟ್ಕೋತಾರೆ. ಆದ್ರೆ ಮಾತು ಕಮ್ಮಿ ಆಗಿದೆ. ಮೊದಲಿನ ಹಾಗೆ "ಕಾಫಿ ಕುಡ್ದ್ಯಾ" ಅಂತ ಕೇಳಲ್ಲ. ನಾನೇ ತಪ್ಪು ಮಾಡಿದ್ನಾ ಅನ್ಸುತ್ತೆ. ನಿನ್ನೆ ರಾತ್ರಿ ಫೋನ್ ನಾನೇ ಇಟ್ಕೋತೀನಿ ಅಂತ ಹೇಳೋಕೆ ಹೊರಟಿದ್ದೆ.

ಉತ್ತರ: ಹೇಳಲಿಲ್ಲವಲ್ಲ, ಒಳ್ಳೇದಾಯ್ತು. ಈಗ ಒಮ್ಮೆ ಸಡಿಲ ಬಿಟ್ಟರೆ ಮುಂದೆ ಕೇಳುವುದು ಇದರ ಎರಡರಷ್ಟು ಕಷ್ಟ. ಅಕ್ಕನಿಗೂ ಇದು ಹೊಸದು. ಎರಡು ವರ್ಷ ನೀವು ಎತ್ತಿದ ಫೋನನ್ನು ಈಗ ರಾತ್ರಿ ಹತ್ತಕ್ಕೆ ಅವರು ಎತ್ತುತ್ತಿದ್ದಾರೆ. ಅವರ ಮೌನವನ್ನು ಹೆಚ್ಚು ಕೆಲಸ ಮಾಡಿ ತುಂಬಲು ಹೋಗಬೇಡಿ. ಒಂಬತ್ತಕ್ಕೆ ಸರಿಯಾಗಿ ಹೋಗಿ, ಲೆಕ್ಕ ಚೊಕ್ಕವಾಗಿಡಿ. ನಾಳೆ ಬೆಳಗ್ಗೆ ನೀವೇ ಎರಡು ಲೋಟ ಕಾಫಿ ತಂದು ಒಂದನ್ನು ಅವರ ಮುಂದಿಟ್ಟು, "ರಾತ್ರಿ ಫೋನ್ ಜಾಸ್ತಿ ಬಂತಾ ಅಕ್ಕ?" ಅಂತ ಕೇಳಿ.