ಸಹಾಯ ಬೇಕು: ಹ್ಯಾಮ್‌ಸ್ಟರ್ ಮರಿ ಹಾಕಿದೆ, ಈಗೇನು ಮಾಡಲಿ?

ಎಲ್ಲರಿಗೂ ನಮಸ್ಕಾರ. ಮೂರು ವಾರದ ಹಿಂದೆ ಮಗಳಿಗೋಸ್ಕರ ಎರಡು ಸಿರಿಯನ್ ಹ್ಯಾಮ್‌ಸ್ಟರ್ (ಇಲಿಯಂಥ ಪುಟ್ಟ ಸಾಕುಪ್ರಾಣಿ) ತಂದೆ, ಎರಡೂ ಹೆಣ್ಣೇ ಅಂತ ಅಂಗಡಿಯವರು ಹೇಳಿದ್ದರು, ನಿನ್ನೆ ರಾತ್ರಿ ನೋಡಿದರೆ ಒಂದು ಏಳು ಮರಿ ಹಾಕಿದೆ. ಈ ಜಾತಿ ದೊಡ್ಡದಾದ ಮೇಲೆ ಒಂಟಿಯಾಗಿಯೇ ಇರಬೇಕು, ಜೊತೆಗಿಟ್ಟರೆ ಕಚ್ಚಾಡುತ್ತವೆ, ಗಬ್ಬ ಆದ 16 ದಿನಕ್ಕೆಲ್ಲ ಮರಿ ಹಾಕುತ್ತವೆ ಅಂತ ಆಮೇಲೆ ಗೊತ್ತಾಯಿತು. ಇನ್ನೊಂದು ಗಂಡು ಅಂತ ಗೊತ್ತಾಗಿ ಅದನ್ನು ತಕ್ಷಣ ಬೇರೆ ಪಂಜರಕ್ಕೆ ಹಾಕಿದೆ.

ತಾಯಿ ಗಾಬರಿಯಾದರೆ ಮರಿಗಳನ್ನೇ ತಿಂದುಬಿಡಬಹುದು ಅಂತ ಓದಿದಾಗಿನಿಂದ ನನಗೆ ನಿದ್ದೆಯಿಲ್ಲ. ಗೂಡು ಮುಟ್ಟಿಲ್ಲ. ಪಂಜರಕ್ಕೆ ಅರ್ಧ ಬಟ್ಟೆ ಹೊದಿಸಿ ಸದ್ದಿಲ್ಲದ ಕೋಣೆಯಲ್ಲಿ ಇಟ್ಟಿದ್ದೇನೆ, ಬೇಯಿಸಿದ ಮೊಟ್ಟೆ ಸ್ವಲ್ಪ ಸ್ವಲ್ಪ ಕೊಡುತ್ತಿದ್ದೇನೆ. ಆದರೆ ಬೆಳಿಗ್ಗೆ ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಓಡಾಡುತ್ತಿತ್ತು. ಸುಮ್ನೆ ಜಾಗ ಬದಲಿಸುತ್ತಿತ್ತಾ, ಇಲ್ಲ ಹೆದರಿದೆಯಾ? ಮರಿಗಳು ಕಣ್ಣು ಬಿಡುವ ತನಕ, ಅಂದರೆ ಎರಡು ವಾರ, ಪಂಜರ ಸ್ವಚ್ಛ ಮಾಡದಿದ್ದರೆ ವಾಸನೆಗೆ ಏನು ಮಾಡುತ್ತೀರಿ? ನಾಲ್ಕು ವಾರದೊಳಗೆ ಗಂಡು ಹೆಣ್ಣು ಬೇರೆ ಮಾಡಬೇಕು ಅಲ್ವಾ, ಅಷ್ಟು ಚಿಕ್ಕ ಮರಿಯಲ್ಲಿ ಗುರುತಿಸುವುದು ಹೇಗೆ?

ಮೈಸೂರಿನಲ್ಲಿ ಹ್ಯಾಮ್‌ಸ್ಟರ್ ನೋಡುವ ಡಾಕ್ಟರ್ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಸಾಕಿದ ಅನುಭವ ಇರುವವರು ಇವತ್ತೇ ಉತ್ತರಿಸಿದರೆ ತುಂಬಾ ಉಪಕಾರ.